ಸಂತೆ ದ್ಯಾವಣ್ಣನ ಗಂಟು

ನಿಮ್ಮ ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೂ ಬಾರದ ಕಾಲ. ಗುಡ್ಡದ ಆಚೆ ಒಂದೂರು, ಕಣಿವೆಹಟ್ಟಿ ಅಂತ. ಅಲ್ಲಿಂದ ಸಂತೆಗೆ ಒಂದು ಹಗಲಿನ ದಾರಿ. ಎಲ್ಲರೂ ಹೋಗೋದೆಲ್ಲಿ ಬಂತು? ಊರವರ ರಾಗಿಯನ್ನು ಎತ್ತಿನ ಮೇಲೆ ಹೇರಿಕೊಂಡು ಹೋಗಿ, ಅದಕ್ಕೆ ಬದಲು ಅವರು ಹೇಳಿದ ಸಾಮಾನು ತರುವವನು ಒಬ್ಬನೇ ಒಬ್ಬ, ಸಂತೆ ದ್ಯಾವಣ್ಣ.

ಸುಗ್ಗಿ ಮುಗಿಯಿತೋ, ಊರಿನ ಕೈ ನಿಲ್ಲುತ್ತಿರಲಿಲ್ಲವಂತೆ. ಕನ್ನಡಿ ತಾ, ಅತ್ತರು ತಾ, ಎದುರುಮನೆಯವಳ ಹತ್ತಿರ ಇರುವಂಥದೇ ತಟ್ಟೆ ತಾ. ಬೇಸಿಗೆ ಬಂದಾಗ ಅದೇ ಮನೆಗಳ ಮಕ್ಕಳು ಸೊಪ್ಪು ಬೇಯಿಸಿದ ನೀರು ಕುಡಿದು ಮಲಗುತ್ತಿದ್ದವು. ಆ ರಾಗಿ ಸಾಗಿಸಿದ್ದು ತನ್ನ ಕೈಯೇ ಅಂತ ದ್ಯಾವಣ್ಣನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ.

ಒಂದು ಸುಗ್ಗಿಗೆ ಅವನು ಮನೆಮನೆಗೂ ಹೇಳಿಬಂದ. ಏನಾದರೂ ಬೇಕು ಅನ್ನಿಸಿದರೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳಿ. ಮುಂದಿನ ಸಂತೆಗೂ ಬೇಕೇ ಅನ್ನಿಸಿದರೆ ಗಂಟು ತೋರಿಸಿ, ತರುತ್ತೇನೆ. ಬೇಡ ಅನ್ನಿಸಿದರೆ ಬಿಚ್ಚಿಬಿಡಿ.

"ರಾಗಿ ನಮ್ಮದು, ನಿಂಗ್ಯಾಕಣ್ಣಾ ಹೊಟ್ಟೆಯುರಿ?" ಅಂದಳಂತೆ ಒಬ್ಬಳು.

"ಹೊಟ್ಟೆಯುರಿ ಅಲ್ಲ ಕಣವ್ವ, ಬೇಸ್ಗೇಲಿ ನಿನ್ ಕೂಸಿನ ಹೊಟ್ಟೆ ಉರಿ ನೋಡಕ್ಕಾಗಲ್ಲ. ಹಾಕ್ಕೋ ಗಂಟು."

ಬೈದರು, ನಕ್ಕರು, ಆದರೂ ಹಾಕಿಕೊಂಡರು. ವಾರ ತುಂಬುವಷ್ಟರಲ್ಲಿ ಅರ್ಧಕ್ಕರ್ಧ ಗಂಟನ್ನು ಅವರೇ ಬಿಚ್ಚಿಬಿಟ್ಟರು. ಆ ಬೇಸಿಗೆಯಲ್ಲಿ ಮೊದಲ ಸಲ ಎಲ್ಲರ ಮನೆಯಲ್ಲೂ ಒಲೆ ಉರಿಯಿತಂತೆ. ಬೇಡದ ಸಾಮಾನು ಹೇರಿದರೆ ದ್ಯಾವಣ್ಣನ ಎತ್ತು ಕಾಲೇ ಕೀಳುತ್ತಿರಲಿಲ್ಲ ಅಂತಲೂ ಹೇಳುತ್ತಾರೆ. ಇದ್ದರೂ ಇರಬಹುದು.

ಅವನ ಹೆಂಡತಿ ತಿಪ್ಪಮ್ಮ. ಒಂದು ಚಳಿಗಾಲ ಅವಳು ಒಂದು ಕಂಬಳಿ ಕೇಳಿದಳು. ಇದ್ದದ್ದು ತೂತುಬಿದ್ದು ಜಾಲರಿಯಾಗಿತ್ತು. ಗಂಟು ಹಾಕು ಅಂದ ದ್ಯಾವಣ್ಣ. ಹಾಕಿದಳು. ಮುಂದಿನ ಸಂತೆಗೆ ತೋರಿಸಿದಳು.

ತರಬೇಕಿತ್ತು, ಅವನದೇ ಮಾತು. ಆದರೆ ಅವನಿಗೆ ಊರಿನ ಬಾಯಿಯ ಭಯ. "ನಮಗೆಲ್ಲ ಬುದ್ಧಿ ಹೇಳಿ ತನ್ನ ಹೆಂಡ್ತಿಗೆ ಹೊಸ ಕಂಬಳಿ ಹೊದಿಸ್ದ ನೋಡು ಅಂತಾರೆ ಕಣೆ. ಇನ್ನೊಂದು ಸಂತೆ ತಡಿ" ಅಂದನಂತೆ.

ಅವಳು ತಡೆದಳು. ಆಮೇಲೆ ಬಾಯಿಬಿಟ್ಟು ಕೇಳಲಿಲ್ಲ. ಕೆಮ್ಮು ಹಿಡಿಯಿತು. ಅವನು ಸಂತೆಯಲ್ಲಿ ಕಂಬಳಿಯವರ ಸಾಲು ಬಂದರೆ ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದನಂತೆ. ಊರವರ ಉಪ್ಪು, ಊರವರ ಕುಡುಗೋಲು ಎಲ್ಲ ತಂದ. ಹಾಗೇ ತಂದು ಇಳಿಸಿದ ಒಂದು ಮಧ್ಯಾಹ್ನ ಒಳಗೆ ಹೋಗಿ ನೋಡುತ್ತಾನೆ, ತಿಪ್ಪಮ್ಮ ತಣ್ಣಗಾಗಿದ್ದಳು.

ಮೈ ತೊಳೆಯಲು ಬಂದ ಹೆಂಗಸರಿಗೆ ಸೆರಗು ಕೈಗೆ ತೊಡರಿತು. ಒಂದಾದ ಮೇಲೊಂದು ಏಳು ಗಂಟು.

"ಏನೇನ್ ಬೇಕಿತ್ತಪ್ಪಾ ಇವಳಿಗೆ, ಇಷ್ಟೊಂದು?" ಅಂತ ಒಬ್ಬ ಮುದುಕಿ ಕೇಳಿದಳಂತೆ.

"ಒಂದೇ ಕಣಮ್ಮ" ಅಂದನಂತೆ ದ್ಯಾವಣ್ಣ. "ಒಂದೇ. ಸಂತೆಗೊಂದು ಸಲ ಹಾಕವ್ಳೆ."

ಮುಂದಿನ ಸಂತೆಗೆ ಅವನು ಬೇರೆ ಯಾರ ಸಾಮಾನೂ ತರಲಿಲ್ಲ. ಒಂದು ಕಂಬಳಿ ತಂದು ಅವಳನ್ನು ಮಣ್ಣು ಮಾಡಿದ ಗುಡ್ಡೆಯ ಮೇಲೆ ಹೊದಿಸಿದ. ಅಲ್ಲಿಂದ ಮುಂದೆ, ಬದುಕಿದ್ದಷ್ಟು ದಿನ, ಸಂತೆಯ ಹಿಂದಿನ ದಿನ ಬಾಗಿಲು ಬಾಗಿಲಿಗೆ ಹೋಗಿ ಸೆರಗಿನ ತುದಿ ನೋಡಿಬರುತ್ತಿದ್ದನಂತೆ. ಯಾರದಾದರೂ ಎರಡು ಗಂಟಾಗಿದ್ದರೆ, ಆ ಮನೆಯಲ್ಲಿ ರಾಗಿ ಇಲ್ಲದಿದ್ದರೂ ತನ್ನ ರಾಗಿ ಅಳೆದು ಆ ಸಾಮಾನು ತಂದುಕೊಡುತ್ತಿದ್ದನಂತೆ. ಆದರೆ ನಗು ಅನ್ನುವುದನ್ನು ಅವನ ಮುಖದಲ್ಲಿ ಮತ್ತೆ ಕಂಡವರಿಲ್ಲ.

ಈಗ ಕಣಿವೆಹಟ್ಟಿಗೆ ಬಸ್ಸು ಬರುತ್ತದೆ. ಆದರೂ ಆ ಊರ ಹೆಂಗಸರು ಕಂಡದ್ದನ್ನೆಲ್ಲ ಕೊಳ್ಳುವುದಿಲ್ಲ, ಗಂಟು ಹಾಕಿ ಒಂದು ಸಂತೆ ಕಾಯುತ್ತಾರೆ. ಮೂರನೆಯ ಗಂಟು ಬೀಳಲು ಮಾತ್ರ ಯಾವ ಗಂಡನೂ ಬಿಡುವುದಿಲ್ಲ. ಹೆಂಡತಿ ತೀರಿಕೊಂಡರೆ, ಗಂಡನಾದವನು ಅವಳ ಸೆರಗನ್ನು ಈ ತುದಿಯಿಂದ ಆ ತುದಿಗೆ ಸವರಿ ನೋಡಬೇಕು. ಒಂದೂ ಗಂಟಿಲ್ಲ ಅಂತ ಅವನು ಗಟ್ಟಿಯಾಗಿ ಹೇಳಿದ ಮೇಲೆಯೇ ಊರವರು ಹೆಗಲು ಕೊಡುವುದು.