ಹೊಸ ಚಿಲುಮೆಯ ಕಹಿ

ಹೊಳೆಯ ನಡುಗಡ್ಡೆಯ ಮೇಲೆ ಜಂಬುಲಿಂಗಜ್ಜನ ಆಶ್ರಮ. ನಾಲ್ಕು ಗುಡಿಸಲು, ಒಂದು ಹುಣಸೆಮರ, ಸುತ್ತಲೂ ನೀರು. ಬೆಳಿಗ್ಗೆ ಮಂಜು ಎದ್ದಿತೆಂದರೆ ದಂಡೆ ಯಾವುದು, ಹೊಳೆ ಯಾವುದು, ಗೊತ್ತೇ ಆಗುತ್ತಿರಲಿಲ್ಲ.

ಅಲ್ಲೊಂದು ಪದ್ಧತಿ ಇತ್ತು. ಬಂದವನಿಗೆ ಒಂದು ಹೊಸ ಮಣ್ಣಿನ ಚಿಲುಮೆ ಕೊಡುತ್ತಿದ್ದರು. ತಂಬಾಕನ್ನು ಅವನೇ ಆರಿಸಬೇಕು, ಅವನೇ ತುಂಬಿ ಹೊತ್ತಿಸಬೇಕು, ಸಂಜೆ ಎಲ್ಲರೂ ಸಾಲಾಗಿ ಕೂತಾಗ ಅಜ್ಜನ ಕೈಗೆ ಕೊಡಬೇಕು. ಅಜ್ಜ ಒಂದು ದಮ್ಮು ಎಳೆದರೆ ಅವನು ಶಿಷ್ಯ. ಅಲ್ಲಿಯವರೆಗೆ ಅತಿಥಿ, ಹೊರಗಿನ ಕಟ್ಟೆಯ ಮೇಲೆ ಮಲಗಬೇಕು. ಮಳೆಗಾಲಕ್ಕೆ ಮೊದಲು ಅತಿಥಿಗಳೆಲ್ಲ ಹೊಳೆ ದಾಟಿ ಹೋಗಿಬಿಡಬೇಕು.

ಮಾಘದ ಚಳಿಯಲ್ಲಿ ಅಡಿವೆಪ್ಪ ಬಂದ. ನೇಕಾರ, ವಯಸ್ಸು ನಲವತ್ತರ ಮೇಲೆ. ಮಗ್ಗ ಬಿಟ್ಟ ಮೇಲೆ ಮೂರು ಮಠ ತಿರುಗಿದ್ದ. ಒಂದರಲ್ಲಿ ಗಂಟೆಯ ಸದ್ದು ಹೆಚ್ಚಾಯಿತು ಅಂದ, ಇನ್ನೊಂದರಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಅಂದ. ಮೂರನೆಯದನ್ನು ಯಾಕೆ ಬಿಟ್ಟನೋ ಅವನಿಗೇ ನೆನಪಿಲ್ಲ. ಎಲ್ಲ ಬಿಟ್ಟು ಬಂದವನಿಗೆ ಬಿಡುವುದೇ ಚಟವಾಗಿತ್ತೋ ಏನೋ, ನಾನು ಕಾಣೆ. ಆದರೆ ಈ ಸಲ ಅವನಿಗೆ ನಿಜವಾಗಿ ಹೆದರಿಕೆ ಇತ್ತು. ಇಲ್ಲೂ ನೆಲೆ ಸಿಗದಿದ್ದರೆ ಮುಂದೆ ಹೋಗಲು ಜಾಗವೇ ಇರಲಿಲ್ಲ.

"ಅಜ್ಜಾರ, ನಾ ಹುಟ್ಟಿದಾಗಿಂದ ಚಿಲುಮಿ ಮುಟ್ಟಿದಾಂವಲ್ರಿ," ಅಂದ. "ಯಾವ ತಂಬಾಕ ಛಲೋರಿ?"

"ನೀ ಸೇದೂದು."

"ಅದು ಯಾವುದ್ರಿ?"

ಅಜ್ಜ ಹೊಳೆಯ ಕಡೆ ಹೊಗೆ ಬಿಟ್ಟರು. ಅದು ನೀರಿನ ಮೇಲೆ ಸ್ವಲ್ಪ ದೂರ ಹೋಗಿ ಮಂಜಿನಲ್ಲಿ ಸೇರಿಕೊಂಡಿತು.

ಆಚೆ ದಂಡೆಯ ಸಂತೆಯಲ್ಲಿ ಹುಲಿಗೆವ್ವ ತಂಬಾಕು ಮಾರುತ್ತಿದ್ದಳು. ಅವಳು ಇವನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಸಬ ಅದೀ ತಮ್ಮಾ. ಹಳದಿ ಎಲಿ ಒಯ್ಯಿ, ಅದು ಸೌಮ್ಯ. ಮೆತ್ತಗ ತುಂಬು, ಸಾವಕಾಶ ಎಳಿ."

ಅಡಿವೆಪ್ಪ ಕರಿ ಎಲೆ ಕೊಂಡ. ಹೊಸಬನೆಂದು ಯಾರಿಗೂ ತಿಳಿಯಬಾರದು ಎಂಬ ಆಸೆ.

ಅದನ್ನು ಒತ್ತಿ ಒತ್ತಿ ತುಂಬಿದ, ಕಮ್ಮಾರನ ತಿದಿಯಂತೆ ಜೋರಾಗಿ ಎಳೆದ. ಎರಡನೇ ದಮ್ಮಿಗೆ ಹುಣಸೆಮರ ಬುಡಸಮೇತ ಎದ್ದು ಹೊಳೆಯಲ್ಲಿ ತೇಲಿಹೋಗುವುದು ಕಂಡಿತು. ಮೂರನೆಯದಕ್ಕೆ ತಾನೇ ಅದರ ಹಿಂದೆ ತೇಲುತ್ತಿದ್ದ. ಸಂಜೆಯವರೆಗೆ ಕಟ್ಟೆಯ ಮೇಲೆ ಅಂಗಾತ ಬಿದ್ದಿದ್ದ.

ಎದ್ದವನೇ ಉಳಿದ ಎಲೆಯನ್ನು ಹೊಳೆಗೆ ಚೆಲ್ಲಿದ. ಚಿಲುಮೆಯನ್ನು ಬೂದಿ ಹಾಕಿ ತಿಕ್ಕಿ, ಮರಳು ಹಾಕಿ ತಿಕ್ಕಿ, ಒಳಗೆ ಬಟ್ಟೆ ತೂರಿಸಿ, ಕುಂಬಾರನ ಮನೆಯಿಂದ ಈಗ ತಂದಂತೆ ತೊಳೆದಿಟ್ಟ. ನೇಯುವಾಗ ಒಂದು ಕಲೆ ಬಿದ್ದರೂ ಸೀರೆ ಕೆಟ್ಟಿತೆನ್ನುವ ಮನೆತನ ಅವನದು. ಕೈ ಸುಮ್ಮನಿರುತ್ತಿರಲಿಲ್ಲ.

ಆಮೇಲೆ ಹಳದಿ ಎಲೆ ತಂದ. ಮೆತ್ತಗೆ ತುಂಬಿದ, ಸಾವಕಾಶ ಎಳೆದ. ತಲೆ ತಿರುಗಲಿಲ್ಲ, ಆದರೆ ಬಾಯೆಲ್ಲ ಕಹಿ. ಸುಟ್ಟ ಮಣ್ಣು ನೆಕ್ಕಿದ ಹಾಗೆ.

ಎಲೆ ಸರಿಯಿಲ್ಲ ಅಂದ. ಚಿಲುಮೆ ತೊಳೆದ.

ಬೆಲ್ಲದ ನೀರು ಚಿಮುಕಿಸಿದ ಎಲೆ ತಂದ. ಎರಡು ದಿನ ಸೇದಿ ಅದನ್ನೂ ಬಿಟ್ಟ. ಗುಲಾಬಿ ನೀರಿನದು, ಲವಂಗ ಬೆರೆತದ್ದು, ದೂರದ ಊರಿನಿಂದ ಯಾರೋ ಪೊಟ್ಟಣ ಕಟ್ಟಿ ತಂದದ್ದು, ಎಲ್ಲದಕ್ಕೂ ಅದೇ ಕಹಿ. ಪ್ರತಿ ಸಂಜೆ ಒಳಗೆ ಸಾಲು ಕೂರುವ ಹೊತ್ತಿಗೆ ಅವನು ನೀರಿನ ಬಳಿ ಕೂತು ಚಿಲುಮೆ ತಿಕ್ಕುತ್ತಿದ್ದ. ಇಂಥ ಕಹಿಯನ್ನು ಅಜ್ಜನ ಬಾಯಿಗೆ ಹೇಗೆ ಇಡಲಿ?

"ಕುಣೀಲಾರದಾಕಿ ನೆಲ ಡೊಂಕ ಅಂದಳಂತ," ಎಂದು ಹುಲಿಗೆವ್ವ ನಕ್ಕಳು. "ನನ್ನ ಹತ್ರ ಇನ್ನ ಎಲಿ ಉಳದಿಲ್ಲೋ ತಮ್ಮಾ."

ಹೀಗೇ ಬೇಸಿಗೆ ಕಳೆಯಿತು. ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ದೋಣಿಯವನು ಕೂಗಿ ಹೇಳಿದ, "ಅತಿಥಿಗೋಳು ಗಂಟ ಕಟ್ಟಿಕೊಳ್ರಪಾ. ನಾಳೆ ಮುಂಜಾನಿ ಕಡೀ ದೋಣಿ."

ಅಡಿವೆಪ್ಪ ಚಿಲುಮೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದ. ನೇರ ಹುಣಸೆಮರದ ಕೆಳಗೆ ಹೋಗಿ ಅಜ್ಜನ ಕಾಲು ಹಿಡಿದ. ಕೈಯಲ್ಲಿ ಹಳದಿ ಎಲೆಯ ಹಳೇ ಪೊಟ್ಟಣ ಇತ್ತು, ಚೆಲ್ಲಲು ಮರೆತದ್ದು.

"ಅಜ್ಜಾರ, ನನಗ ಇಲ್ಲೇ ಇರಬೇಕಾಗೇತ್ರಿ. ಯಾವ ಎಲಿ ತರಲಿ, ನೀವ ಹೇಳಿಬಿಡ್ರಿ."

ಅಜ್ಜ ಆ ಪೊಟ್ಟಣ ತೆಗೆದುಕೊಂಡರು. ತಮ್ಮ ಚಿಲುಮೆಗೆ ಅದನ್ನೇ ತುಂಬಿ, ಹೊತ್ತಿಸಿ ಅವನ ಕೈಗೆ ಕೊಟ್ಟರು.

ಅವನು ಎಳೆದ. ಹೊಗೆ ತಣ್ಣಗೆ ಬಂತು. ನಾಲಿಗೆಯ ಮೇಲೆ ಒಣಹುಲ್ಲಿನ ವಾಸನೆ, ಅದರ ಹಿಂದೆ ಎಲ್ಲೋ ಒಂದು ಸಿಹಿ. ಹೊಳೆ ಹರಿಯುವುದನ್ನು ಮರೆತು ನಿಂತಂತೆ ಅನಿಸಿತು.

"ಇದು ನನ್ನ ಎಲಿ ಅಲ್ರಿ."

"ನಿಂದ."

"ಮತ್ತ ನನ್ನ ಚಿಲುಮ್ಯಾಗ ಯಾಕ ಕಹಿ ಆಕ್ಕೇತ್ರಿ?"

"ಬೂದಿ ಝಾಡಿಸಿ ಮೊದಲ ನನ್ನದರಾಗ ಬೆರಳ ಹಾಕು."

ಚಿಲುಮೆ ಆರಿದ ಮೇಲೆ ಅವನು ಬೆರಳು ಹಾಕಿದ. ಒಳಗೆಲ್ಲ ವರ್ಷಗಳ ಹೊಗೆಯ ಮಸಿ ಗಟ್ಟಿಯಾಗಿ ಕೂತು, ಹೊಗೆಗೆ ಮಣ್ಣಿನ ರುಚಿ ಹತ್ತದಂತೆ ಮುಚ್ಚಿತ್ತು. ಬೆರಳು ಕಪ್ಪಾಗಿ ಹೊರಬಂತು.

"ಈಗ ನಿನ್ನದರಾಗ ಹಾಕು."

ಅವನು ಸೊಂಟದಿಂದ ತನ್ನ ಚಿಲುಮೆ ತೆಗೆದು ಇನ್ನೊಂದು ಬೆರಳು ಹಾಕಿದ. ಬೆರಳಿಗೆ ಏನೂ ಹತ್ತಲಿಲ್ಲ. ಕೆಂಪು ಮಣ್ಣು, ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು.

ಅಡಿವೆಪ್ಪ ಎರಡೂ ಬೆರಳು ನೋಡುತ್ತ ಕೂತ. ನಾಚಿಕೆಯಿಂದ ಅವನ ಕಣ್ಣು ತುಂಬಿತು.

"ನಾ ದಿನಾ ತೊಳಿಯೂದು ನೀವು ನೋಡತಿದ್ರಿ," ಅಂದ.

"ನೋಡತಿದ್ದೆ."

"ಒಂದ ಮಾತ ಹೇಳಬಾರದಿತ್ತೇನ್ರಿ?"

"ನೀ ಕೇಳಿದ್ದು ತಂಬಾಕಿನ ಮಾತ."

ಸಂಜೆ ಸಾಲು ಕೂತಿತು. ಮೊದಲ ಹನಿಗಳು ಹುಣಸೆ ಎಲೆಗಳ ಮೇಲೆ ಬಿದ್ದವು. ಅಡಿವೆಪ್ಪ ಉಳಿದ ಹಳದಿ ಎಲೆಯನ್ನು ತನ್ನ ಚಿಲುಮೆಗೆ ತುಂಬಿದ, ಹೊತ್ತಿಸಿದ, ಒಂದು ದಮ್ಮು ಎಳೆದ. ಬಾಯಲ್ಲಿ ಅದೇ ಸುಟ್ಟ ಮಣ್ಣು. ಆದರೂ ಎರಡೂ ಕೈಯಲ್ಲಿ ಹಿಡಿದು ಅಜ್ಜನ ಮುಂದೆ ಚಾಚಿದ.

ಅಜ್ಜ ತೆಗೆದುಕೊಂಡರು. ಕಣ್ಣು ಮುಚ್ಚಿ ನಿಧಾನಕ್ಕೆ ಎಳೆದರು. ಹೊಗೆ ಹೊಳೆಯ ಕಡೆ ಹೋಯಿತು.

"ಇನ್ನೂ ಕಹಿನ ಐತೇನ್ರಿ, ಅಜ್ಜಾರ?"

ಅಜ್ಜ ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದರು.

"ಇರಲಿ, ಕೂಡು. ನೀ ಬಂದು ಇವತ್ತಿಗೆ ಒಂದ ದಿನಾ ಆತು."