ಗೆದ್ದಲು ಮಣ್ಣು ಹೊದ್ದು ಬರುವುದೇಕೆ?

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳು ಆಗಷ್ಟೇ ಬಂದು ಕೂತಿದ್ದವು, ಕಾಲು ಚಾಚಲು ಇನ್ನೂ ಸಂಕೋಚ. ಹೊಳೆಗಳು ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ಅಣ್ಣಾ, ಎತ್ತ ಹರೀಬೇಕು?" ಎಂದು ಕೇಳುತ್ತಿದ್ದವು.

ಭೂಮಿತಾಯಿ ಒಬ್ಬೊಬ್ಬರನ್ನೇ ಕರೆದು ಕೆಲಸ ಹಂಚಿದಳು. ಮೋಡಕ್ಕೆ ನೀರು ಹೊರುವ ಕೆಲಸ. ಕೋಳಿಗೆ ಕೂಗುವ ಕೆಲಸ. ಕತ್ತೆ ತಡವಾಗಿ ಬಂತು, ಅದಕ್ಕೆ ಏನು ಸಿಕ್ಕಿತೆಂದು ನಿಮಗೆ ಗೊತ್ತೇ ಇದೆ.

ಗೆದ್ದಲಿಗೆ ಸಿಕ್ಕಿದ್ದು ಯಾರೂ ಬೇಡವೆಂದ ಕೆಲಸ. "ಬಿದ್ದ ಮರ, ಒಣಗಿದ ಕಡ್ಡಿ, ಸತ್ತ ಸೌದೆ ಎಲ್ಲವನ್ನೂ ತಿಂದು ನನ್ನ ಮಡಿಲಿಗೆ ಹಾಕಿ. ಆದರೆ ಜೀವ ಇರುವುದಕ್ಕೆ ಬಾಯಿ ಹಾಕೀರಿ, ಜೋಕೆ! ಮೂರು ಸಲ ಕೇಳಿ, ಆಮೇಲೆ ತಿನ್ನಿ" ಎಂದಳು ಭೂಮಿತಾಯಿ.

ಆಗ ಗೆದ್ದಲುಗಳು ಹುಣಸೆ ಬೀಜದ ಬಣ್ಣಕ್ಕೆ ಮಿರಮಿರ ಮಿಂಚುತ್ತಿದ್ದವು. ಹಾಡುಹಗಲಲ್ಲೇ ಬಿಸಿಲು ಕಾಯಿಸುತ್ತ ಸಾಲಾಗಿ ನಡೆಯುತ್ತಿದ್ದವು. ಬಿದ್ದ ಮರ ಕಂಡರೆ ಸುತ್ತ ನಿಂತು, "ಇದ್ದೀಯಾ?" ಎಂದು ಕೇಳುತ್ತಿದ್ದವು. ಮರದಲ್ಲಿ ಜೀವವಿದ್ದರೆ ಒಂದು ಎಲೆಯನ್ನಾದರೂ ಅಲುಗಿಸಿ, "ಇದ್ದೀನಿ" ಎನ್ನುತ್ತಿತ್ತು. "ಆಯ್ತಪ್ಪ, ನೂರ್ಕಾಲ ಬಾಳು" ಎಂದು ಅವು ಹೊರಟುಹೋಗುತ್ತಿದ್ದವು. ಮೂರು ಸಲ ಕೇಳಿದರೂ ಉತ್ತರ ಬರದಿದ್ದರೆ ಮಾತ್ರ ಊಟಕ್ಕೆ ಕೂರುತ್ತಿದ್ದವು. ಮರ್ಯಾದಸ್ಥ ಹುಳಗಳು.

ಆ ಕಾಲದಲ್ಲಿ ಒಂದು ಬಯಲು, ಬಯಲಿನಲ್ಲಿ ಒಂದು ಮಾವಿನ ಮರ, ಮರದ ಕೆಳಗೆ ಮಾಳವ್ವ, ಬೊಮ್ಮಣ್ಣ ಎಂಬ ಗಂಡ ಹೆಂಡತಿ. ಮನೆ ಎಂಬುದನ್ನು ಆಗಿನ್ನೂ ಯಾರೂ ಕಟ್ಟಿರಲಿಲ್ಲ. ಅವರ ಒಬ್ಬಳೇ ಮಗಳು ಹೊನ್ನಿ ಆ ಮರದ ಕೊಂಬೆಗೆ ಕಟ್ಟಿದ ಜೋಲಿಯಲ್ಲೇ ತೂಗಿಸಿಕೊಂಡು ದೊಡ್ಡವಳಾದಳು. ಮದುವೆಯಾಗಿ ಹೊಳೆಯಾಚೆಗೆ ಹೋಗುವ ದಿನ ಮರವನ್ನು ತಬ್ಬಿ ಅತ್ತಳು. "ಅವ್ವಾ, ನನ್ನ ಕೂಸನ್ನೂ ಈ ಮರಕ್ಕೇ ಕಟ್ಟಿ ತೂಗ್ಬೇಕು ಕಣವ್ವ" ಎಂದಳು.

"ತೂಗಾಣ ಬಾರವ್ವ" ಎಂದು ಮಾಳವ್ವ ಕಣ್ಣೊರೆಸಿ ಕಳಿಸಿದಳು.

ಗಾಳಿಗೆ ಆಗ ಎಳೆ ವಯಸ್ಸು. ತನ್ನ ತೋಳಿನ ಬಲ ತನಗೇ ಗೊತ್ತಿರಲಿಲ್ಲ. ಒಂದು ದಿನ ಆಟಕ್ಕೆಂದು ಬಂದು ಮರವನ್ನು ಹಿಡಿದು ತೂಗಿತು. ಮರ ಬುಡಸಮೇತ ಬಿತ್ತು. ಗಾಳಿ ಬೆದರಿ ದೂರ ಹೋಗಿ ನಿಂತಿತು. ಮಾಳವ್ವ ಎದೆ ಬಡಿದುಕೊಂಡು ಅತ್ತಳು. ಇನ್ನೊಂದು ಮರ ನೋಡಿಕೊಂಡರಾಯಿತು ಎಂದು ಬೊಮ್ಮಣ್ಣ ಹೇಳಿದ. ಮೂರು ದಿನ ಅವಳು ಅವನನ್ನು ಮಾತಾಡಿಸಲಿಲ್ಲ.

ನಾಲ್ಕನೆಯ ದಿನ ಗೆದ್ದಲುಗಳು ಬಂದವು. "ಇದ್ದೀಯಾ?" ಎಂದು ಕೇಳಿದವು. ಮರ ಸುಮ್ಮನಿತ್ತು. "ಇದ್ದೀಯಾ?" ಒಂದು ಎಲೆಯೂ ಅಲುಗಲಿಲ್ಲ. "ಇದ್ದೀಯಾ?" ಎಂದು ಮೂರನೆಯ ಸಲ ಕೇಳುವಷ್ಟರಲ್ಲಿ, ಬೊಡ್ಡೆಯ ಹಿಂದೆ ಕೂತಿದ್ದ ಮಾಳವ್ವನಿಗೆ ತಡೆಯಲಾಗಲಿಲ್ಲ.

"ಇದ್ದೀನಿ!" ಎಂದುಬಿಟ್ಟಳು.

ಗೆದ್ದಲುಗಳು ಮುಖ ಮುಖ ನೋಡಿಕೊಂಡವು. "ಮರಕ್ಕೆ ನೆಗಡಿ ಆಗೈತೇನೋ, ದನಿ ಒಡೆದೈತೆ" ಎಂದಿತು ಒಂದು. ಆದರೂ ನಂಬಿ ಹೊರಟುಹೋದವು. ಲೋಕದಲ್ಲಿ ಅಲ್ಲಿಯವರೆಗೆ ಯಾರೂ ಸುಳ್ಳು ಹೇಳಿರಲಿಲ್ಲ, ನಂಬದೆ ಇರುವುದು ಹೇಗೆಂದು ಅವುಗಳಿಗೆ ಗೊತ್ತಿರಲಿಲ್ಲ.

ಆಮೇಲೆ ಮಾಳವ್ವ ಗಂಡನನ್ನು ಕೂರಲು ಬಿಡಲಿಲ್ಲ. "ಈ ಮರಾನ ಬಿಟ್ಟು ನಾನು ಎಲ್ಲಿಗೂ ಬರಾಕಿಲ್ಲ. ಇದನ್ನೇ ಎತ್ತಿ ನಿಲ್ಲಿಸಿ, ಇದರ ಕೆಳಗೇ ಇರಾಣ" ಎಂದಳು. ಬೊಮ್ಮಣ್ಣ ಬೊಡ್ಡೆಯನ್ನು ಕೆತ್ತಿ ಕಂಬ ಮಾಡಿದ. ದೊಡ್ಡ ಕೊಂಬೆಯನ್ನು ತೊಲೆ ಮಾಡಿ ಅದರ ಮೇಲಿಟ್ಟ. ಸುತ್ತ ಮಣ್ಣಿನ ಗೋಡೆ, ಮೇಲೆ ಹುಲ್ಲು. ಲೋಕದ ಮೊದಲನೆಯ ಮನೆ ಹಾಗೆ ಎದ್ದಿತು.

ಕಂಬವನ್ನು ಮರದ ಹಾಗೆಯೇ ಮೊಳಕಾಲುದ್ದ ಗುಂಡಿ ತೋಡಿ ಮಣ್ಣಿನಲ್ಲಿ ನೆಟ್ಟರು. ಮಾಳವ್ವ ದಿನಾ ಬೆಳಗ್ಗೆ ಅದರ ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ಯುತ್ತಿದ್ದಳು.

"ಕಂಬಕ್ಕೆ ಯಾರಾದ್ರೂ ನೀರು ಹೊಯ್ತಾರೇನೇ?" ಎಂದ ಬೊಮ್ಮಣ್ಣ.

"ಇದ್ದೀನಿ ಅಂದಿಲ್ವೇನ್ರೀ ಮರ? ಇರೋರಿಗೆ ಬಾಯಾರಿಕೆ ಆಗಾಕಿಲ್ವಾ?"

ಇದ್ದೀನಿ ಎಂದವರು ಯಾರೆಂದು ಬೊಮ್ಮಣ್ಣನಿಗೆ ಗೊತ್ತಿತ್ತು. ಹೆಂಡತಿಯ ದನಿ ಗುರುತು ಹಿಡಿಯದ ಗಂಡ ಎಲ್ಲಿದ್ದಾನೆ? ಅವನು ಬಾಯಿಮುಚ್ಚಿಕೊಂಡು ಹೊಲಕ್ಕೆ ಹೋದ.

ಹೊನ್ನಿ ಚೊಚ್ಚಲ ಬಸುರಿ. ಏಳು ತುಂಬಿದ ಮೇಲೆ ತವರಿಗೆ ಬಂದಳು. ಬಿದ್ದ ಮರದ ಸುದ್ದಿ ಕೇಳಿ ಅತ್ತಳು, ತೊಲೆಯನ್ನು ನೋಡಿ ನಕ್ಕಳು. "ಇದಕ್ಕೇ ಜೋಲಿ ಕಟ್ಟಾಣ ಬಿಡವ್ವ" ಎಂದು ಕಂಬಕ್ಕೊರಗಿ ಕಾಲು ನೀಡಿ ಕೂತಳು. ಎರಡು ತಿಂಗಳು ಅದೇ ಅವಳ ಜಾಗವಾಯಿತು. ಒಂದು ಮಧ್ಯಾಹ್ನ ಅವಳು ತಲೆಯೆತ್ತಿ, "ಅವ್ವಾ, ಕಂಬದೊಳಗೆ ಯಾರೋ ಮೆತ್ತಗೆ ಮಾತಾಡ್ತಾವ್ರೆ" ಎಂದಳು.

ಮಾಳವ್ವನ ಎದೆ ಅರಳಿತು. ಮರ ನಿಜವಾಗಿಯೂ ಬದುಕಿತೇ? ಓಡಿ ಬಂದು ಕಿವಿ ಇಟ್ಟಳು. ಕರ ಕರ ಕರ. ಬೆರಳ ಗೆಣ್ಣಿನಿಂದ ಬಡಿದಳು. ಗಟ್ಟಿ ಮರದ ಟಕ್ ಟಕ್ ಬರಲಿಲ್ಲ, ಖಾಲಿ ಗಡಿಗೆಯ ದೊಬ್ ದೊಬ್ ಬಂತು. ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಹಪ್ಪಳ ಮುರಿದಂತೆ ಒಳಗೆ ಹೋಯಿತು. ಒಳಗೆ ಬರೀ ಹಸಿ ಮಣ್ಣು, ಮಣ್ಣಿನ ತುಂಬ ಗೆದ್ದಲು.

ಮಗಳಿಗೆ ಇವತ್ತೋ ನಾಳೆಯೋ ಹೆರಿಗೆ. ಹೆರಬೇಕಾದದ್ದು ಈ ಸೂರಿನ ಕೆಳಗೆ, ಕೂಸನ್ನು ತೂಗಬೇಕಾದದ್ದು ಈ ತೊಲೆಗೆ. ಮಾಳವ್ವ ಹೊನ್ನಿಯನ್ನು ಎಬ್ಬಿಸಿ ಹೊರಗೆ ನೆರಳಿನಲ್ಲಿ ಕೂರಿಸಿದಳು.

ಸುದ್ದಿ ಕೇಳಿದ್ದೇ ಬೊಮ್ಮಣ್ಣ ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ಬಯಲಂಚಿನ ಹುತ್ತದ ಕಡೆಗೆ ಓಡಿದ. ಬೆಂಕಿಯ ಹತ್ತಿರ ಬೀಸಲು ಧೈರ್ಯವಾಗದೆ ಗಾಳಿ ಉಸಿರು ಬಿಗಿಹಿಡಿಯಿತು. ಮಾಳವ್ವ ಗಂಡನಿಗಿಂತ ಮುಂದೆ ಓಡಿ ಹುತ್ತಕ್ಕೆ ಅಡ್ಡ ನಿಂತಳು.

"ಬ್ಯಾಡ ಕಣ್ರೀ. ಒಳಗೆ ಮಕ್ಕಳು ಮರಿ ಅವೆ."

"ನಮ್ಮ ಮಗಳ ತಲೆ ಮ್ಯಾಲೆ ತೊಲೆ ಬಿದ್ರೆ ಏನ್ ಮಾಡ್ತೀಯೇ?"

"ತಪ್ಪು ನಂದು. ಮೊದ್ಲು ನಾನು ಮಾತಾಡ್ತೀನಿ. ಆಮ್ಯಾಕೆ ಬೇಕಾದ್ರೆ ನನ್ನನ್ನೂ ಸೇರಿಸಿ ಸುಡ್ರೀ."

ಬೊಮ್ಮಣ್ಣ ಕೊಳ್ಳಿಯನ್ನು ನೆಲಕ್ಕೆ ಒತ್ತಿ ಆರಿಸಿದ. ಮುಖ ಮಾತ್ರ ಉರಿಯುತ್ತಲೇ ಇತ್ತು.

ಹುತ್ತದ ಬಾಯಿಗೆ ಗೆದ್ದಲುಗಳ ತಾಯಿ ಬಂದಳು. ಹತ್ತು ಮಕ್ಕಳು ತಳ್ಳಿ, ಹತ್ತು ಮಕ್ಕಳು ಎಳೆದು ಅವಳನ್ನು ಹೊರಗೆ ತಂದರು. ಅವಳ ಹೊಟ್ಟೆ ಅಷ್ಟು ದೊಡ್ಡದು. ಇವಳೂ ತುಂಬು ಬಸುರಿಯಲ್ಲವೇ ಎಂದು ಮಾಳವ್ವನ ಮನಸ್ಸು ಕರಗಿತು.

"ಎಷ್ಟು ತಿಂಗಳವ್ವ?" ಎಂದು ಕೇಳಿಯೇಬಿಟ್ಟಳು.

"ನಂಗೆ ತಿಂಗಳಿಲ್ಲ ಕಣವ್ವ, ದಿನಾ ಹೆರಿಗೆ" ಎಂದು ಗೆದ್ದಲವ್ವ ಉಸಿರು ಬಿಟ್ಟಳು. "ಕಷ್ಟಪಟ್ಟು ಒಂದು ಹುತ್ತ ಕಟ್ಟಿದ್ರೆ ಹಾವು ಬಂದು ಸೇರ್ಕೊಂತೈತೆ. ಇನ್ನೊಂದು ಕಟ್ಟಿದ್ವಿ, ಅಲ್ಲಿಗೂ ಬಂತು. ಇದು ಮೂರನೇದು. ಇದಕ್ಕೆ ನಿನ್ನ ಗಂಡ ಬೆಂಕಿ ತಂದವ್ನೆ. ನನ್ನ ಮಕ್ಕಳು ಏನು ತಪ್ಪು ಮಾಡಿದ್ರು? ಕಂಬದ ಬುಡದಾಗೆ ಮಣ್ಣಿನೊಳಗಿಂದ ಮೂರು ಸಲ ಕೇಳಿದ್ರು, ಯಾರೂ ಓಗೊಡಲಿಲ್ಲ. ನೀನು ದಿನಾ ನೀರು ಹೊಯ್ದು ಮೆತ್ತಗೆ ಮಾಡಿ ಇಡ್ತಿದ್ದೆ. ನಮಗೇ ಬಡಿಸ್ತಿದ್ದೀಯ ಅಂದ್ಕೊಂಡ್ವಿ."

ಮಾಳವ್ವ ನೆಲದ ಮೇಲೆ ಕೂತಳು. ಮರ ಬಿದ್ದ ದಿನದಿಂದ ಅವಳು ಬಾಯಿಬಿಟ್ಟು ಹೇಳದ ಒಂದು ಮಾತಿತ್ತು. ಅದು ಈಗ ಹೊರಗೆ ಬಂತು.

"ಮರ ಸತ್ತೈತೆ" ಎಂದಳು. "ಅವತ್ತು ಇದ್ದೀನಿ ಅಂದೋಳು ನಾನು. ಹಂಗೆ ಅಂದ್ರೆ ಇರ್ತದೆ ಅಂದ್ಕೊಂಡೆ, ನೀರು ಹೊಯ್ದ್ರೆ ಇರ್ತದೆ ಅಂದ್ಕೊಂಡೆ. ಸತ್ತೈತೆ ಕಣವ್ವ. ಸತ್ರೂ ನಂಗೆ ಬೇಕು. ಅದರ ಕೆಳಗೆ ನಾವು ಇದ್ದೀವಿ."

ಹೇಳಿ ಮುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಬೊಮ್ಮಣ್ಣನ ಮುಖದ ಉರಿ ಇಳಿಯಿತು. ಅವನು ಬಂದು ಅವಳ ಪಕ್ಕದಲ್ಲಿ ಕೂತ.

"ಸತ್ತದ್ದು ನಮ್ಮ ಪಾಲು, ಜೀವ ಇರೋದು ನಿಮ್ಮ ಪಾಲು. ಸತ್ತೂ ಬೇಕಾಗಿರೋದು ಅಂತ ಒಂದೈತೆ ಅಂತ ನಂಗೆ ಯಾರೂ ಹೇಳಿರಲಿಲ್ಲ. ಅದನ್ನ ನನ್ನ ಮಕ್ಕಳು ಗುರುತು ಹಿಡಿಯೋದು ಹೆಂಗೆ?" ಎಂದಳು ಗೆದ್ದಲವ್ವ.

ಹುತ್ತದ ಪಕ್ಕದಲ್ಲಿ ಒಂದು ಬಂಡೆಗಲ್ಲು ಮಲಗಿತ್ತು. ಕಲ್ಲುಗಳು ಮಾತಾಡುವುದು ಕಮ್ಮಿ, ಆಡಿದರೆ ತೂಕವಾಗಿ ಆಡುತ್ತವೆ. "ನನ್ನ ಮೇಲೆ ನಿಲ್ಲಿಸ್ರಿ" ಎಂದಿತು. "ಮಣ್ಣಾಗೆ ನಿಂತದ್ದು ಮಣ್ಣಿನದು. ಕಲ್ಲಿನ ಮೇಲೆ ನಿಂತದ್ದು ಮನೇದು."

"ಸರಿಯಾಗಿ ಹೇಳ್ದೆ" ಎಂದ ಬೊಮ್ಮಣ್ಣ.

"ಸರಿ ಏನೋ ಹೌದು" ಎಂದಳು ಗೆದ್ದಲವ್ವ. "ಆದ್ರೆ ನನ್ನ ಮಕ್ಕಳಿಗೆ ಲೆಕ್ಕ ಇಲ್ಲ. ಹಸಿವಾದ್ರೆ ಕಲ್ಲನ್ನೂ ಹತ್ತಿ ಬರ್ತಾವೆ, ನನ್ನ ಮಾತೂ ಕೇಳಾಕಿಲ್ಲ. ಬರಾಕಿಲ್ಲ ಅಂತ ಸುಳ್ಳು ಹೇಳಲಾರೆ. ಒಂದು ಮಾತು ಮಾತ್ರ ಕೊಡ್ತೀನಿ. ಇನ್ನು ಮ್ಯಾಲೆ ಅವು ಕದ್ದು ಬರಾಕಿಲ್ಲ. ಬರೋ ದಾರಿ ಉದ್ದಕ್ಕೂ ತಲೆ ಮ್ಯಾಲೆ ಮಣ್ಣು ಹೊದ್ದು, ನಿನ್ನ ಕಣ್ಣಿಗೆ ಕಾಣೋ ಹಂಗೆ ಗೆರೆ ಎಳೆದು ಬರ್ತಾವೆ. ಆ ಗೆರೆ ಕಂಡ್ರೆ ಅವು ನಿನ್ನನ್ನ ಕೇಳ್ತಾ ಅವೆ ಅಂತ ತಿಳ್ಕೋ. ಇದ್ರೆ ಗೆರೆ ಅಳಿಸು. ಅಳಿಸೋರು ಯಾರೂ ಇಲ್ಲದಿದ್ರೆ ಮನೆ ನಮ್ದು."

"ಬಿಸಿಲು ಕಾಣದಿದ್ರೆ ನಿನ್ನ ಮಕ್ಕಳ ಬಣ್ಣ ಹೋಗ್ತೈತಲ್ಲವ್ವ!"

"ಹೋಗ್ಲಿ ಬಿಡವ್ವ. ನೀನು ಅಡ್ಡ ನಿಂತಿದ್ದಕ್ಕೆ ಜೀವ ಉಳೀತಲ್ಲ. ವರ್ಷಕ್ಕೆ ಒಂದು ಸಂಜೆ, ಮೊದಲ ಮಳೆ ಬಿದ್ದಾಗ, ರೆಕ್ಕೆ ಕಟ್ಟಿ ಹೊರಗೆ ಬಿಡ್ತೀನಿ. ಆಡ್ಕೊಂಡು ಬರ್ಲಿ."

ಆ ದಿನವೇ ಬೊಮ್ಮಣ್ಣ ನಾಲ್ಕು ಕವೆಗೋಲು ಕೊಟ್ಟು ತೊಲೆಯನ್ನು ಎತ್ತಿ ನಿಲ್ಲಿಸಿದ. ಕಂಬವನ್ನು ಕಿತ್ತು, ಬುಡದಿಂದ ಮೇಲಕ್ಕೆ ಬಡಿಯುತ್ತ ಹೋದ. ದೊಬ್ ದೊಬ್ ಎಂದ ಕಡೆಯೆಲ್ಲ ಬಿಟ್ಟು, ಟಕ್ ಎಂದ ಕಡೆ ಕೊಡಲಿ ಹಾಕಿದ. ಮೇಲಿನ ಅರ್ಧ ಗಟ್ಟಿಯಾಗಿತ್ತು. ಕೆಳಗಿನ ಅರ್ಧದ ಎತ್ತರಕ್ಕೆ ಬಂಡೆಗಲ್ಲನ್ನು ಉರುಳಿಸಿ ತಂದು ನಿಲ್ಲಿಸಿ, ಅದರ ಮೇಲೆ ಕಂಬವನ್ನು ಇಟ್ಟ. ಕಡಿದ ಬುಡದ ಚೂರುಗಳನ್ನು ಮಾಳವ್ವ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಬಸುರಿಗೆ ಮಡಿಲು ತುಂಬಿದ ಹಾಗೆ, ಅರಿಶಿನ ಕುಂಕುಮ ಇಟ್ಟು ಹುತ್ತದ ಬಾಯಿಯಲ್ಲಿ ಇರಿಸಿ ಬಂದಳು.

ಮರುದಿನ ಹೊನ್ನಿಗೆ ಹೆಣ್ಣು ಕೂಸು ಹುಟ್ಟಿತು. ಮಾಳವ್ವ ಬೆಳಗ್ಗೆ ಎದ್ದವಳೇ ಅಭ್ಯಾಸಬಲದಿಂದ ತಂಬಿಗೆ ತುಂಬಿಕೊಂಡು ಕಂಬದ ಹತ್ತಿರ ಬಂದಳು. ಒಂದು ಗಳಿಗೆ ನಿಂತಳು. ಆಮೇಲೆ ಆ ನೀರನ್ನು ಕೂಸಿನ ಸ್ನಾನಕ್ಕೆ ಕಾಯಲು ಇಟ್ಟಳು.

ಹನ್ನೆರಡನೆಯ ದಿನ ತೊಲೆಗೆ ಜೋಲಿ ಕಟ್ಟಿದರು. ಕೂಸನ್ನು ಒಳಗೆ ಮಲಗಿಸಿದಾಗ ತೊಲೆ ಕಿರ್ ಎಂದಿತು. ಮಾಳವ್ವ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕಂಬ ಕದಲಲಿಲ್ಲ. ಹೊನ್ನಿ ಜೋಲಿ ತೂಗಿದಳು, ಬಾಗಿಲಲ್ಲಿ ನಿಂತಿದ್ದ ಗಾಳಿಯೂ ಭಯಪಡುತ್ತಲೇ ಒಂದು ಚೂರು ತೂಗಿತು.

ಮಳೆಗಾಲ ಬಂತು. ಒಂದು ಬೆಳಗ್ಗೆ ಮಾಳವ್ವ ಕಸ ಗುಡಿಸುತ್ತಿದ್ದಾಗ, ಕಲ್ಲಿನ ಮೇಲೆ ಬೆರಳಗಲದ ಮಣ್ಣಿನ ಗೆರೆಯೊಂದು ಕಂಬದ ಕಡೆಗೆ ಹತ್ತುತ್ತಿತ್ತು. ಅವಳು ಸಿಟ್ಟಾಗಲಿಲ್ಲ. ಪೊರಕೆಯ ಹಿಡಿಯಿಂದ ಗೆರೆಯನ್ನು ಮೆಲ್ಲಗೆ ಒಡೆದಳು. ಒಳಗಿದ್ದ ಗೆದ್ದಲುಗಳು ಅಕ್ಕಿ ನುಚ್ಚಿನಷ್ಟು ಬೆಳ್ಳಗಾಗಿದ್ದವು. "ಇದ್ದೀವಿ ಕಣ್ರಪ್ಪಾ, ಎಲ್ಲಾರೂ ಇದ್ದೀವಿ. ನಿಮ್ಮವ್ವ ಚೆನ್ನಾಗವಳಾ?" ಎಂದಳು. ಅವು ಬಂದ ದಾರಿಯಲ್ಲೇ ಇಳಿದುಹೋದವು.

ಅಂದಿನಿಂದ ಬುದ್ಧಿವಂತರು ಮರದ ಕಂಬವನ್ನು ಮಣ್ಣಿನಲ್ಲಿ ನೆಡುವುದಿಲ್ಲ, ಕಲ್ಲಿನ ಮೇಲೆ ನಿಲ್ಲಿಸುತ್ತಾರೆ. ಅದರ ಬುಡಕ್ಕೆ ನೀರು ನಿಲ್ಲಲು ಬಿಡುವುದಿಲ್ಲ. ಗೆದ್ದಲಂತೂ ಕೊಟ್ಟ ಮಾತಿಗೆ ತಪ್ಪಿಲ್ಲ, ಇವತ್ತಿಗೂ ಮಣ್ಣು ಹೊದ್ದೇ ಬರುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದರ ಗೆರೆ ಸೂರಿನವರೆಗೂ ಏರಿರುತ್ತದೆ. ನಿಮ್ಮ ಮನೆಯ ಗೋಡೆಯಲ್ಲಿ ಮಾತ್ರ ಅದು ಒಂದು ಗೇಣಿನ ಮೇಲೆ ಏರುವುದಿಲ್ಲ, ಯಾಕೆಂದರೆ ನಿಮ್ಮಜ್ಜಿ ಬೆಳಗಾಗೆದ್ದು ಪೊರಕೆ ಹಿಡಿದು, ಈ ಮನೆಯಲ್ಲಿ ಕೂಸುಗಳಿವೆ ಎಂದು ದಿನಾ ಅದಕ್ಕೆ ಹೇಳುತ್ತಾಳೆ.