ಹರಿಗೋಲಿನ ತೇಪೆ

"ಅಮ್ಮಾ, ದೇವರು ಎಲ್ಲವನ್ನೂ ಬಲ್ಲವನಾದರೆ, ಕ್ಷಮಿಸಿದ ಪಾಪವನ್ನು ಅವನು ಮರೆಯುವುದು ಹೇಗೆ?" ಎಂದು ಸಲೋಮಿ ಕೇಳಿದಳು.

ಬೋಧಕಿ ತಬಿತಮ್ಮನವರು ಗುರುವಾರದ ಪಾಠ ಮುಗಿಸಿ ಸತ್ಯವೇದವನ್ನು ಮುಚ್ಚಿದ್ದರು. ಉಳಿದ ಹೆಂಗಸರು ಚರ್ಚಿನ ಮೆಟ್ಟಿಲಿಳಿದು ಹೋಗಿದ್ದರು. ಸಲೋಮಿ ಮಾತ್ರ ಚಾಪೆಯ ಮೇಲೆ ಕುಳಿತೇ ಇದ್ದಳು.

"ಒಂದು ಕಡೆ ನಮ್ಮ ಯಾವ ತಪ್ಪೂ ಅವನ ಕಣ್ಣಿಗೆ ಮರೆಯಾಗಿಲ್ಲ ಅಂತ ಇದೆ. ಇನ್ನೊಂದು ಕಡೆ ನಮ್ಮ ಪಾಪಗಳನ್ನು ಅವನು ನೆನಪಿಗೆ ತಂದುಕೊಳ್ಳುವುದೇ ಇಲ್ಲ ಅಂತ ಇದೆ. ಎರಡೂ ಹೇಗಮ್ಮ ನಿಜವಾಗುತ್ತವೆ?"

"ನೀನು ಕೇಳುತ್ತಿರುವುದು ವೇದದ ವಿಷಯವೋ, ಬ್ಯೂಲಾಳ ವಿಷಯವೋ?"

ಸಲೋಮಿ ತಲೆ ತಗ್ಗಿಸಿದಳು. ಏಳು ವರ್ಷದ ಹಿಂದೆ ತಂಗಿ ಬ್ಯೂಲಾಳಿಗೆ ಒಳ್ಳೆಯ ಸಂಬಂಧ ಬಂದಿತ್ತು. ತನಗಿಂತ ಮೊದಲು ಅವಳ ಮದುವೆಯಾಗುವುದನ್ನು ತಾಳಲಾರದೆ ಸಲೋಮಿ ಹುಡುಗನ ಕಡೆಯವರಿಗೆ ಸುಳ್ಳು ಹೇಳಿದ್ದಳು. ತಂಗಿಗೆ ಮೂರ್ಛೆ ರೋಗವಿದೆ ಎಂದಿದ್ದಳು. ಸಂಬಂಧ ಮುರಿಯಿತು. ವರ್ಷ ಕಳೆದ ಮೇಲೆ ತಾನೇ ಅತ್ತು ಒಪ್ಪಿಕೊಂಡಳು. ಬ್ಯೂಲಾ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಅಕ್ಕನ ತಟ್ಟೆಗೆ ತಾನೇ ಬಡಿಸಿದಳು. ಆಮೇಲೆ ಅವಳಿಗೆ ಇನ್ನೊಂದು ಒಳ್ಳೆಯ ಮನೆ ಸಿಕ್ಕಿತು. ಈ ಭಾನುವಾರ ಅವಳ ಮೊದಲ ಮಗುವಿಗೆ ದೀಕ್ಷಾಸ್ನಾನ. ಮಗುವನ್ನು ಎತ್ತಿ ಹಿಡಿಯುವ ಜ್ಞಾನತಾಯಿ ಅಕ್ಕನೇ ಆಗಬೇಕೆಂದು ಅವಳು ಹಟ ಹಿಡಿದಿದ್ದಳು. ಬರಲಾರೆ ಎಂದು ಹೇಳಿ ಕಳಿಸಲು ಸಲೋಮಿ ನಿಶ್ಚಯಿಸಿದ್ದಳು.

ತಬಿತಮ್ಮನವರು ಕನ್ನಡಕ ತೆಗೆದಿಟ್ಟು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೊಬ್ಬ ತಮ್ಮ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿಗೆ ಹೊರಗಿನಿಂದ ತೊಗಲು ಹೊದಿಸಿದ್ದು. ನೀರಿನಿಂದ ತೆಗೆದರೆ ಅದನ್ನು ತಲೆಯ ಮೇಲೆ ಹೊತ್ತು ತರಬೇಕು, ನೆಲದ ಮೇಲೆ ಎಳೆಯಬಾರದು. ಅಂಬಿಗರ ಮಕ್ಕಳಿಗೆ ಇದನ್ನು ಯಾರೂ ಎರಡನೆಯ ಸಲ ಹೇಳಬೇಕಾಗಿಲ್ಲ.

ಒಂದು ದಿನ ಅಣ್ಣನಿಲ್ಲದಾಗ ತಮ್ಮ ಸೋಮಾರಿತನದಿಂದ ಹರಿಗೋಲನ್ನು ಬಂಡೆಯ ಮೇಲೆ ಎಳೆದ. ತೊಗಲು ಗೇಣುದ್ದ ಹರಿಯಿತು. ಅವನು ಅದಕ್ಕೆ ಕೆಸರು ಮೆತ್ತಿ ಸುಮ್ಮನಾದ. ಮರುದಿನ ನಡುಹೊಳೆಯಲ್ಲಿ ನೀರು ಒಳಗೆ ನುಗ್ಗಿತು. ಹರಿಗೋಲಿನಲ್ಲಿ ಏಳು ಜನರಿದ್ದರು, ಅವರಲ್ಲೊಬ್ಬಳು ಬಾಣಂತಿ. ಅಂಬಿಗ ಹೇಗೋ ದಡ ಮುಟ್ಟಿಸಿದ. ಯಾರ ಜೀವವೂ ಹೋಗಲಿಲ್ಲ.

ತಮ್ಮ ಅಣ್ಣನ ಕಾಲಿಗೆ ಬಿದ್ದು ಮಾಡಿದ್ದನ್ನೆಲ್ಲ ಹೇಳಿದ. ಅಂಬಿಗ ಬಗ್ಗಿ ಅವನ ತೋಳು ಹಿಡಿದ. ಆಮೇಲೆ, "ಏಳು. ಆ ಮಾತು ಇವತ್ತಿಗೆ ಮುಗಿಯಿತು. ನಾನು ಮತ್ತೆ ಎತ್ತುವುದಿಲ್ಲ" ಎಂದ. ಹರಿಗೋಲನ್ನು ಬೋರಲು ಹಾಕಿ, ಹರಿದಲ್ಲಿ ತೊಗಲಿನ ತೇಪೆ ಹೊಲಿದು, ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಅದರ ಸುತ್ತ ಮೆತ್ತಿದ. ಮರುದಿನ ಹುಟ್ಟನ್ನು ತಮ್ಮನ ಕೈಗೇ ಕೊಟ್ಟ.

ಅಣ್ಣ ಮಾತಿಗೆ ತಪ್ಪಲಿಲ್ಲ. ತಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ಪ್ರತಿ ಅಮಾವಾಸ್ಯೆಗೆ ಹರಿಗೋಲಿಗೆ ಎಣ್ಣೆ ಹಚ್ಚುವಾಗ ಅಣ್ಣನ ಕೈ ಮೊದಲು ಆ ತೇಪೆಗೇ ಹೋಗುವುದನ್ನು ಅವನು ಕಂಡಿದ್ದ. ಮರೆತಿದ್ದರೆ ಕೈ ಅಲ್ಲಿಗೇಕೆ ಹೋಗಬೇಕು? ಬಾಯಲ್ಲಿ ಆಡದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ ಎಂದು ಕೊರಗಿದ. ದಿನವೂ ಮಧ್ಯಾಹ್ನ ಅಣ್ಣ ಉಣ್ಣಲು ಕುಳಿತಾಗ ಇವನು ಬೋರಲು ಹಾಕಿದ ಹರಿಗೋಲಿನ ಬಳಿಗೆ ಹೋಗುತ್ತಿದ್ದ. ಗುರುತು ಮಾಸಿತೇ ಎಂದು ತೇಪೆಯ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ. ಅಣ್ಣನ ಕಣ್ಣಿಗೆ ಬೀಳದಂತೆ ದಿನಕ್ಕಿಷ್ಟಿಷ್ಟೇ ರಾಳ ಉದುರಿತು.

ಎರಡನೆಯ ವರ್ಷ, ತುಂಬಿದ ಹೊಳೆಯಲ್ಲಿ, ಅದೇ ಜಾಗದಿಂದ ನೀರು ಜಿನುಗತೊಡಗಿತು. ಅಂಬಿಗ ತಲೆಯ ರುಮಾಲು ಬಿಚ್ಚಿ ಅಲ್ಲಿಗೆ ಒತ್ತಿ, ಅದರ ಮೇಲೆ ಹಿಮ್ಮಡಿ ಊರಿ, ಹುಟ್ಟು ಹಾಕುತ್ತ ಆಚೆ ದಡ ಸೇರಿಸಿದ. ಜನರೆಲ್ಲ ಇಳಿದು ಹೋದ ಮೇಲೆ ತಮ್ಮನ ಕೈ ಹಿಡಿದು ತಿರುಗಿಸಿ ನೋಡಿದ. ಐದು ಉಗುರುಗಳ ಸಂದಿಯಲ್ಲೂ ರಾಳ ಅಂಟಿತ್ತು.

"ನೀನು ಮರೆತಿಲ್ಲ ಅಣ್ಣಾ," ಎಂದು ತಮ್ಮ ಅತ್ತ. "ಕಣ್ಣು ಮುಚ್ಚಿಕೊಂಡರೂ ನಿನ್ನ ಕೈ ನೇರ ಅಲ್ಲಿಗೇ ಹೋಗುತ್ತದೆ."

"ಹೋಗದೆ ಏನು? ಎಲ್ಲಿ ಹರಿದಿದೆ ಎಂದು ತಿಳಿಯದವನು ತೇಪೆಯನ್ನು ಎಲ್ಲಿಗೆ ಹಾಕುತ್ತಾನೆ, ನಿನ್ನ ತಲೆಗಾ? ಮರೆಯುತ್ತೇನೆ ಎಂದು ನಾನು ಯಾವತ್ತು ಹೇಳಿದೆ ಮಾರಾಯ? ಆ ಮಾತು ಎತ್ತುವುದಿಲ್ಲ ಎಂದೆ. ನೆನಪಿರುವುದಕ್ಕೇ ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತಿದ್ದೇನೆ."

ಅಂಬಿಗ ಮೂರು ಕಲ್ಲು ಹೂಡಿ ಒಲೆ ಹಚ್ಚಿ ರಾಳ ಕಾಯಿಸಿದ. ಈ ಸಲ ಮೆತ್ತುವ ಕೆಲಸವನ್ನು ತಮ್ಮನಿಂದಲೇ ಮಾಡಿಸಿದ. ಆ ತೇಪೆಯ ಮೇಲೆಯೇ ಆ ಊರಿನ ಜನ ಬಹಳ ವರ್ಷ ಹೊಳೆ ದಾಟಿದರು.

ಕತೆ ಅಲ್ಲಿಗೆ ನಿಂತಿತು. ಪ್ರತಿ ಕ್ರಿಸ್ಮಸ್ಸಿಗೂ ತಾನು ಬ್ಯೂಲಾಳ ಮನೆಗೆ ಹೋಗಿ ಹೊಸದಾಗಿ ಕ್ಷಮೆ ಕೇಳಿದ್ದು ಸಲೋಮಿಗೆ ನೆನಪಾಯಿತು. ಕಳೆದ ಸಲ ಬ್ಯೂಲಾ ಕೈಯಲ್ಲಿದ್ದ ಕಜ್ಜಾಯದ ತಟ್ಟೆಯನ್ನು ಕೆಳಗಿಟ್ಟು, "ಹಬ್ಬದ ದಿನವೂ ಅದೇನಾ ಅಕ್ಕಾ?" ಎಂದು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋಗಿದ್ದಳು. ತಂಗಿಯ ಮನಸ್ಸಿನಲ್ಲಿ ಇನ್ನೂ ಇದೆ ಎಂದೇ ಸಲೋಮಿ ಅಂದು ತಿಳಿದಿದ್ದಳು.

"ಹಾಗಾದರೆ ಭಾನುವಾರ ನಾನು ಏನು ಮಾಡಲಮ್ಮ?"

ತಬಿತಮ್ಮನವರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು.

"ಹಸುಗೂಸನ್ನು ಎತ್ತಿಕೊಳ್ಳುವವಳು ನೀನು, ಉಗುರು ಕತ್ತರಿಸಿಕೊಂಡು ಬಾ."